ಕೆಜಾಯಳ ಸುಖಮರಣ

ಕೆಜಾಯ ಪರ್ನೆಲ್ ಸತ್ತ ಸುದ್ದಿಯನ್ನು ಕೆಜಾಯ ಪರ್ನೆಲ್ ಕೇಳಿದ್ದು ಬಾರ್ಲಿ ಗಂಜಿ ಕುಡಿಯುತ್ತ ಕೂತಿದ್ದಾಗ. ಜ್ವರ ಬಿಟ್ಟು ಕೆಲವು ದಿನಗಳಾಗಿದ್ದವು. ಕಾಲಿಗೆ ಇನ್ನೂ ಬಲ ಬಂದಿರಲಿಲ್ಲ, ಬಾಚಣಿಗೆ ಇಟ್ಟರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಆದರೆ ಹಸಿವು ಮರಳಿತ್ತು, ಹಸಿವು ಮರಳಿತೆಂದರೆ ಜೀವ ಮರಳಿದ ಹಾಗೆಯೇ. ಗಂಡ ಜೆತ್ರೋ ಪ್ರಾರ್ಥನಾಲಯದಿಂದ ಬಂದವನು ಟೋಪಿಯನ್ನೂ ತೆಗೆಯದೆ ಹೊಸ್ತಿಲಲ್ಲೇ ನಿಂತುಬಿಟ್ಟ.

“ಏನಾಯ್ತು, ಹೀಗೆ ನಿಂತಿದೀಯ? ಯಾರಾದ್ರೂ ತೀರಿಕೊಂಡ್ರಾ?” ಎಂದಳು.

“ನೀನೇ,” ಎಂದ ಜೆತ್ರೋ.

ಅವಳಿಗೆ ನಗು ಬಂತು. ಗಂಜಿ ನೆತ್ತಿಗೇರಿ ಕೆಮ್ಮಿದಳು. ಅವನು ನಗಲಿಲ್ಲ.

ಅವತ್ತು ಪತ್ರಿಕೆಯ ದಿನ. ತಿಂಗಳಿಗೊಮ್ಮೆ ಲಂಡನ್ನಿನಿಂದ ‘ಕೃಪಾವಾರ್ತೆ’ ಬಂಡಿಯಲ್ಲಿ ಬಂದಿಳಿಯಿತೆಂದರೆ ನಮ್ಮ ನೇಕಾರರ ಊರು ಸ್ಟೋನ್‌ಕೂಂಬಿನ ಮಗ್ಗಗಳೆಲ್ಲ ಆ ಮಧ್ಯಾಹ್ನ ಬಾಯಿ ಮುಚ್ಚುತ್ತಿದ್ದವು. ನಮ್ಮ ಬೋಧಕ ಟ್ರ್ಯಾಂಟರ್ ಅಯ್ಯನವರು ಪೀಠದ ಮೇಲೆ ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ ಓದುವರು. ವೇಲ್ಸಿನ ಬಯಲಲ್ಲಿ ಬೋಧನೆ ಕೇಳಿ ಗೋಳೋ ಎಂದು ಅತ್ತ ಜನ, ಸ್ಕಾಟ್ಲೆಂಡಿನಲ್ಲಿ ಮನಸ್ಸು ತಿರುಗಿದ ಕುಡುಕರು, ಅಮೆರಿಕದ ಕಾಡಿನ ನಡುವೆ ನಡೆದ ಕೂಟ. ಅದನ್ನೆಲ್ಲ ಜನ ಕೇಳುವುದೇನೋ ಕೇಳುತ್ತಿದ್ದರು. ಕಿವಿ ನಿಮಿರುತ್ತಿದ್ದುದು ಮಾತ್ರ ಕೊನೆಯ ಪುಟಗಳಿಗೆ. ಅಲ್ಲಿ ‘ಸುಖಮರಣಗಳು’ ಇರುತ್ತಿದ್ದವು. ಯಾರು ಹೇಗೆ ಸತ್ತರು, ಸಾಯುವಾಗ ಏನೆಂದರು, ಮುಖದಲ್ಲಿ ಎಂಥ ಕಳೆಯಿತ್ತು ಎಂಬುದನ್ನೆಲ್ಲ ಬೋಧಕರು ಬರೆದು ಕಳಿಸುತ್ತಿದ್ದರು.

ನಮ್ಮ ಜನರ ನಂಬಿಕೆ ಸುಲಭದ್ದಲ್ಲ. ಯಾರಿಗೆ ಸ್ವರ್ಗ, ಯಾರಿಗೆ ನರಕ ಎಂಬುದನ್ನು ದೇವರು ಲೋಕ ಹುಟ್ಟಿಸುವ ಮೊದಲೇ ಆರಿಸಿಟ್ಟಾಗಿದೆ. ನೀವು ತಲೆ ಕೆಳಗೆ ಕಾಲು ಮೇಲೆ ಮಾಡಿದರೂ ಅದು ಬದಲಾಗದು. ಹಾಗಾದರೆ ತಾನು ದೇವರು ಆಯ್ದವರಲ್ಲಿ ಒಬ್ಬನೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಸಾಯುವ ಗಳಿಗೆಯಲ್ಲಿ ಬಯಲಾಗುತ್ತದಂತೆ. ಆದ್ದರಿಂದ ನಮ್ಮೂರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ವೈದ್ಯನಿಗಿಂತ ಮೊದಲು ನೆರೆಹೊರೆಯವರು ಹಾಜರು. ಸಾಯುವವರು ನರಳಿದರೂ ಅದಕ್ಕೊಂದು ಅರ್ಥ, ಮಗ್ಗುಲು ತಿರುಗಿದರೂ ಅದಕ್ಕೊಂದು ಅರ್ಥ.

ಕೆಜಾಯಳ ಹಾಸಿಗೆಯ ಸುತ್ತಲೂ ಹಾಗೆಯೇ ನೆರೆದಿದ್ದರು. ಜ್ವರ ನೆತ್ತಿಗೇರಿ ನಾಲಿಗೆ ದಪ್ಪವಾಗಿ ಮಾತು ನಿಂತುಹೋಗಿತ್ತು. ಮಾತು ನಿಂತವರನ್ನು ಕೇಳುವ ಪದ್ಧತಿಯೊಂದು ನಮ್ಮಲ್ಲಿದೆ. ಜೆತ್ರೋನ ಅಕ್ಕ ಡಾರ್ಕಸ್ ಅವಳ ಕಿವಿಯ ಬಳಿ ಬಾಗಿ, “ಕೆಜ್ಜೀ, ಯೇಸು ನಿನ್ನವನೇ ಅಂತ ಖಾತ್ರಿಯಾಗಿದ್ರೆ ಕೈ ಎತ್ತಮ್ಮ,” ಎಂದಳು. ಕೆಜಾಯಳ ಕಣ್ಣಿಗೆ ಆಗ ಕಾಣುತ್ತಿದ್ದುದು ಒಂದೇ, ಕಿಟಕಿಯ ಅಂಚಿನಲ್ಲಿದ್ದ ನೀರಿನ ಹೂಜಿ. ಅವಳು ಅದರತ್ತ ಕೈ ಚಾಚಿದಳು. ಕೋಣೆಯವರೆಲ್ಲ ‘ಅಯ್ಯೋ ದೇವರೇ’ ಎಂದು ಮೊಣಕಾಲೂರಿದರು, ಹಾಡು ಶುರುವಾಯಿತು. ನೀರು ಯಾರೂ ಕೊಡಲಿಲ್ಲ. ಆ ಹಾಡಿನ ನಡುವೆ ಅವಳಿಗೆ ಎಚ್ಚರ ತಪ್ಪಿತು.

ವೈದ್ಯ ನಾಡಿ ಹಿಡಿದು ನೋಡಿ ಬೆಳಗಿನವರೆಗೆ ಉಳಿಯುವುದಿಲ್ಲ ಎಂದ. ಲಂಡನ್ನಿನ ಬಂಡಿ ಹೊರಡುವುದು ಬೆಳಗ್ಗೆಯೇ, ಅದು ತಪ್ಪಿದರೆ ಪತ್ರಿಕೆಯ ಆ ತಿಂಗಳು ತಪ್ಪಿದಂತೆ. ಅಯ್ಯನವರು ಯೋಚಿಸಿದರು, ಹೇಗೂ ಹೋಗುವವಳೇ ತಾನೆ? ಕೂತು ಬರೆದರು, ಬರೆದು ಕಳಿಸಿದರು. ಅವಳು ಕಣ್ಣು ಬಿಡುವ ಹೊತ್ತಿಗೆ ಕಾಗದ ಲಂಡನ್ ಮುಟ್ಟಿಯಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ, ಇವರು ಹೆಣ ಬೀಳುವ ಮೊದಲೇ ಚರಮಗೀತೆ ಹಾಡಿಬಿಟ್ಟರು.

“ಏನಂತ ಬರೆದಿದಾರೆ?” ಎಂದು ಕೇಳಿದಳು ಕೆಜಾಯ.

ಜೆತ್ರೋ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದ. “ಮಾತು ನಿಂತಿದ್ದರೂ ಕೈ ಎತ್ತಿ ಸಾಕ್ಷಿ ಕೊಟ್ಟಳು. ಆಮೇಲೆ ನಾಲಿಗೆ ಸಡಿಲವಾಗಿ, ‘ಕತ್ತಲೆಯೆಲ್ಲ ಹರಿಯಿತು, ನನ್ನ ಹೆಸರನ್ನು ಅಲ್ಲಿ ಕರೆಯುತ್ತಿದ್ದಾರೆ, ನನಗೆ ಒಂದು ಸಂಶಯವೂ ಇಲ್ಲ’ ಅಂದಳು. ಅಂದು, ಮಗು ಮಲಗಿದ ಹಾಗೆ ಮಲಗಿದಳು. ಅಂತ.”

“ನಾನು ಹಾಗೆ ಅಂದ್ನಾ?”

“ನಾನು ಕೇಳಿಸಿಕೊಳ್ಳಲಿಲ್ಲ. ಡಾರ್ಕಸಕ್ಕ ಕೇಳಿಸ್ಕೊಂಡಳಂತೆ.”

ಅವಳಿಗೆ ಆ ಹಾಸಿಗೆಯಲ್ಲಿ ಕಂಡದ್ದು ಅವಳಿಗೊಬ್ಬಳಿಗೇ ಗೊತ್ತು. ಅಲ್ಲಿ ಏನೂ ಇರಲಿಲ್ಲ. ಬೆಳಕಿಲ್ಲ, ಕರೆಯಿಲ್ಲ, ಬಾವಿಯೊಳಗೆ ಇಳಿದ ಹಾಗೆ ಬರೀ ಕತ್ತಲು, ಬರೀ ದಾಹ. ಅವಳು ಬಟ್ಟಲು ಕೆಳಗಿಟ್ಟು, “ನಾಳೆಯೇ ಅಯ್ಯನವರಿಗೆ ಹೇಳಿ ಸರಿ ಮಾಡಿಸು. ಹೆಪ್ಸಿಯನ್ನೂ ಕರ್ಕೊಂಡು ಬಾ. ಮಗೂನ ನೋಡದೆ ಇರೋಕಾಗ್ತಿಲ್ಲ,” ಎಂದಳು.

ಹೆಪ್ಸಿ ಅವಳ ಒಬ್ಬಳೇ ಮಗಳು. ಜ್ವರ ಅಂಟೀತೆಂದು ಡಾರ್ಕಸ್ ಅವಳನ್ನು ತನ್ನ ಮನೆಗೆ ಒಯ್ದಿದ್ದಳು.

ಮಾರನೆಯ ದಿನ ಹೆಪ್ಸಿ ಬರಲಿಲ್ಲ, ಅಯ್ಯನವರು ಬಂದರು. ಸಣಕಲು ಮನುಷ್ಯ, ಒಳ್ಳೆಯವರು, ಬಡವರ ಮನೆಯಲ್ಲಿ ಕೊಟ್ಟ ಒಣ ರೊಟ್ಟಿಯನ್ನೂ ಕಣ್ಣಿಗೊತ್ತಿಕೊಂಡು ತಿನ್ನುವವರು. ಕೆಜಾಯ ಕುರ್ಚಿಯಿಂದ ಎದ್ದು ನಿಂತದ್ದನ್ನು ಕಂಡು ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ತಪ್ಪಾಯ್ತು ಸಹೋದರಿ. ಅವಸರ ಮಾಡಿಬಿಟ್ಟೆ. ಮುಂದಿನ ಸಂಚಿಕೆಗೆ ಎರಡು ಸಾಲು ಬರೆದು ಕಳಿಸ್ತೀನಿ.”

“ನಾನು ಆ ಮಾತು ಆಡಿಲ್ಲ ಅಂತಲೂ ಬರೀರಿ, ಅಯ್ಯನವರೇ. ಕೈ ಎತ್ತಿದ್ದು ನೀರಿಗೆ.”

ಅವರು ತಲೆಯೆತ್ತಿ ನೋಡಿದರು. ಅವರ ಮುಖ ಮುಚ್ಚಿದ ಬಾಗಿಲಿನಂತಾಯಿತು. “ನೋಡೋಣ,” ಎಂದರು.

ಆ ‘ನೋಡೋಣ’ ಹಾಗೆಯೇ ಉಳಿಯಿತು. ಯಾಕೆಂದರೆ ಅಷ್ಟರಲ್ಲಿ ಬ್ರಿಸ್ಟಲಿನಿಂದ ಸುದ್ದಿ ಬಂತು. ಅಲ್ಲೊಬ್ಬ ನಾವಿಕ, ತಾನು ನರಕಕ್ಕೇ ಹುಟ್ಟಿದವನೆಂದು ಉರುಳು ಹಾಕಿಕೊಳ್ಳಲು ಹೊರಟವನು, ಕೆಜಾಯಳ ಮರಣದ ಪುಟವನ್ನು ಯಾರೋ ಓದಿದ್ದು ಕೇಳಿ ಹಗ್ಗ ಬಿಸಾಡಿ ಬಿಕ್ಕಿಬಿಕ್ಕಿ ಅತ್ತನಂತೆ. ಇನ್ನೊಂದು ಊರಿನಲ್ಲಿ ಒಂದು ಮನೆಗೆ ಮನೆಯೇ ಎಚ್ಚೆತ್ತಿತಂತೆ. ಅಯ್ಯನವರು ಅದನ್ನು ಪೀಠದ ಮೇಲೆ ಓದಿದಾಗ ಜನ ಎದ್ದು ನಿಂತು ಹಾಡಿದರು. ಸತ್ತ ಕೆಜಾಯಳಿಗಾಗಿ ದೇವರಿಗೆ ಸ್ತೋತ್ರ ಹೇಳಿದರು. ಬದುಕಿದ್ದ ಕೆಜಾಯ ಬೀದಿಯ ಕೆಳಗಿನ ಮನೆಯಲ್ಲಿ ಕೂತು ಆ ಹಾಡು ಕೇಳಿಸಿಕೊಂಡಳು.

“ಸ್ವಲ್ಪ ದಿನ ಹೊರಗೆ ಕಾಣಿಸ್ಕೋಬೇಡ ಅಂದಿದಾರೆ ಅಯ್ಯನವರು,” ಎಂದ ಜೆತ್ರೋ. “ಈಗ ಸುಳ್ಳು ಅಂದ್ರೆ ಆ ನಾವಿಕನ ಗತಿ ಏನು ಹೇಳು. ಇದು ನಿನ್ನೊಬ್ಬಳ ಮಾತಲ್ಲ ಕಣೇ.”

“ನನ್ನ ಸಾವು ನನ್ನ ಮಾತಲ್ವಾ?”

ಅವನು ಮೇಲೆ ಹೋಗಿ ಮಗ್ಗಕ್ಕೆ ಕೂತ. ಲಾಳಿಯ ಸದ್ದು ಕತ್ತಲಾಗುವವರೆಗೂ ನಿಲ್ಲಲಿಲ್ಲ.

ಮಗುವನ್ನು ಬಿಟ್ಟು ಎಷ್ಟು ದಿನ ಅಂತ ಇರುವುದು? ಕಾಲಿಗೆ ಬಲ ಬಂದ ದಿನ ಕೆಜಾಯ ಶಾಲು ಹೊದ್ದು ತಾನೇ ಹೊರಟಳು. ಗುಡ್ಡದ ಇಳಿಜಾರಿನಲ್ಲಿ ಬಣ್ಣ ಹಾಕಿದ ಕೆಂಪು ಬಟ್ಟೆಗಳನ್ನು ಒಣಗಲೆಂದು ಚೌಕಟ್ಟಿಗೆ ಎಳೆದು ಕಟ್ಟಿದ್ದರು, ಬಿಸಿಲಿತ್ತು, ಹೆಂಗಸರು ಬಾಗಿಲಲ್ಲಿ ಕೂತು ನೂಲು ತೆಗೆಯುತ್ತಿದ್ದರು. ಅವಳು ಹತ್ತಿರ ಬಂದಂತೆ ಒಂದೊಂದೇ ರಾಟೆ ನಿಂತಿತು. ಯಾರೂ ಬೈಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಮಗಳಿಗೆ ಒಂದು ಸಿಹಿ ಬನ್ ಒಯ್ಯೋಣವೆಂದು ರೊಟ್ಟಿ ಅಂಗಡಿಯಲ್ಲಿ ನಿಂತಳು. ಅಂಗಡಿಯ ಕ್ಲಟರ್‌ಬಕ್ ಹೆಂಗಸು, ಕೆಜಾಯಳ ಹೆರಿಗೆಗೆ ರಾತ್ರಿಯೆಲ್ಲ ಕೂತಿದ್ದವಳು, ಎರಡು ಹೆಜ್ಜೆ ಹಿಂದೆ ಸರಿದಳು.

“ಕಾಸು ಅಲ್ಲಿ ಹಲಗೆ ಮೇಲಿಡು. ಕೈಗೆ ಕೊಡ್ಬೇಡ.”

“ಯಾಕಮ್ಮಾ? ಜ್ವರ ಹೋಗಿ ಎಷ್ಟು ದಿನ ಆಯ್ತು.”

“ಜ್ವರದ ಮಾತಲ್ಲ. ಲಂಡನ್ನಿನಲ್ಲಿ ಅಚ್ಚಾಗಿದೆ. ಅಷ್ಟು ಜನ ಕಣ್ಣಾರೆ ಕಂಡಿದಾರೆ. ಕೆಜಾಯ ಹೋದದ್ದು ನಿಜ. ಎದ್ದು ಬಂದದ್ದು ಏನು ಅಂತ ನಾನು ಹೇಗೆ ಹೇಳಲಿ?”

ಆಗ ಅವಳಿಗೆ ಗೊತ್ತಾಯಿತು. ಊರು ಎರಡು ಮಾತು ಒಟ್ಟಿಗೆ ನಂಬಲಾರದೆ ಒಂದನ್ನು ಆರಿಸಿಕೊಂಡಿತ್ತು. ಆಯ್ದವಳೊಬ್ಬಳ ಆತ್ಮ ಸ್ವರ್ಗಕ್ಕೆ ಹೋಗಿದೆ, ಖಾಲಿ ಬಿದ್ದ ಮೈಯೊಳಗೆ ಬೇರೆ ಯಾವುದೋ ಹೊಕ್ಕಿದೆ. ಇಲ್ಲದಿದ್ದರೆ ತನ್ನದೇ ಸುಖಮರಣವನ್ನು ಸುಳ್ಳೆಂದು ಯಾವ ಹೆಂಗಸು ಹೇಳುತ್ತಾಳೆ?

ಡಾರ್ಕಸಳ ಮನೆಯ ಬಾಗಿಲು ತೆರೆದೇ ಇತ್ತು. ಹೆಪ್ಸಿ ನೆಲದ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ತಾಯಿಯನ್ನು ಕಂಡದ್ದೇ ಕಿಟಾರನೆ ಕಿರುಚಿ ಅತ್ತೆಯ ಲಂಗದೊಳಗೆ ಮುಖ ಹುದುಗಿಸಿದಳು.

“ಹೆಪ್ಸೀ, ನಾನು ಕಂದಾ, ಅಮ್ಮ.”

“ನಮ್ಮಮ್ಮ ಸತ್ತೋದ್ರು,” ಎಂದಿತು ಮಗು ಲಂಗದೊಳಗಿಂದ. “ಪುಸ್ತಕದಲ್ಲಿದೆ.”

ಕೆಜಾಯ ಬಾಗಿಲಿಗೆ ಒರಗಿ ನಿಂತಳು. “ಡಾರ್ಕಸಕ್ಕ, ಇದೇನು ಹೇಳಿಕೊಟ್ಟಿದೀಯ ಮಗೂಗೆ? ನಾನು ಹೆತ್ತ ಮಗು ಕಣಕ್ಕಾ.”

“ಹೆತ್ತೋಳು ನನ್ನ ಕಣ್ಣೆದುರಿಗೆ ಕೈ ಎತ್ತಿ ಹೋದಳು,” ಎಂದಳು ಡಾರ್ಕಸ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. “ನನ್ನ ಗಂಡ ಹೇಗೆ ಸತ್ತ, ನಿನಗೂ ಗೊತ್ತು. ‘ನನ್ನನ್ನ ಬಿಟ್ಟುಬಿಟ್ಟ, ದೇವರು ನನ್ನನ್ನ ಬಿಟ್ಟುಬಿಟ್ಟ’ ಅಂತ ಗೋಡೆ ಪರಚಿ ಪರಚಿ ಸತ್ತ. ಆಮೇಲೆ ಈ ಮನೆತನಕ್ಕೆ ದೇವರು ತೋರಿಸಿದ ಕರುಣೆ ಅದೊಂದೇ, ಆ ಕೈ. ಅದನ್ನೂ ಕಿತ್ಕೊಳ್ಳೋಕೆ ಬಂದಿದೀಯಾ?”

“ನೀರು ಬೇಕಾಗಿತ್ತು ನಂಗೆ.”

“ಅದು ಕೆಜ್ಜಿ ಆಡೋ ಮಾತಲ್ಲ. ಹೋಗು. ಮಗೂನ ಹೆದರಿಸ್ಬೇಡ.”

ಬಾಗಿಲು ಮುಚ್ಚಿತು. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿತು.

ಗಂಡನಾದರೂ ತನ್ನ ಕಡೆ ಇದ್ದಾನಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು. ಅದೂ ಬಹಳ ದಿನ ಉಳಿಯಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಜೆತ್ರೋ ರೊಟ್ಟಿ ಮುರಿಯದೆ ಅವಳನ್ನೇ ನೋಡುತ್ತಿದ್ದ. ಕೊನೆಗೆ, “ನಾವು ಮೊದಲನೇ ಸಲ ಎಲ್ಲಿ ಮಾತಾಡಿದ್ವಿ?” ಎಂದ.

ಇವತ್ತು ಹಳೆಯದನ್ನು ನೆನೆಸಿಕೊಂಡನಲ್ಲ ಎಂದು ಅವಳಿಗೆ ಎಷ್ಟು ಖುಷಿಯಾಯಿತು! “ಗುಡ್ಡದ ಮೇಲೆ. ಬಟ್ಟೆ ಎಳೆದು ಕಟ್ಟುವಾಗ ಗಾಳಿಗೆ ನನ್ನ ಟೋಪಿ ಹಾರಿತು. ನೀನು ಅದನ್ನ ಹಿಡಿದು ನಿನ್ನ ತಲೆಗೇ ಇಟ್ಕೊಂಡೆ. ನನ್ನಪ್ಪ ಬರೋವರೆಗೂ ಕೊಡ್ಲಿಲ್ಲ, ಕಳ್ಳ.”

ಜೆತ್ರೋ ನಿಧಾನವಾಗಿ ತಲೆಯಾಡಿಸಿದ. “ಹೌದು. ಆದ್ರೆ ಅದು ಸೈತಾನನಿಗೂ ಗೊತ್ತಿರುತ್ತೆ.”

ಆಗ ಅವಳು ಗಂಡನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವತ್ತಿನಿಂದ ಅವನು ಮೇಲೆ ಮಗ್ಗದ ಪಕ್ಕದಲ್ಲೇ ಮಲಗತೊಡಗಿದ. ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದ. ಅವಳೇ ಹೊಲಿದ ಅಂಗಿ, ಅವಳೇ ಬೇಯಿಸಿದ ಸಾರು, ಆದರೆ ತುತ್ತು ಬಾಯಿಗಿಡುವ ಮೊದಲು ತುಟಿ ಅಲುಗಿಸಿ ಏನೋ ಹೇಳಿಕೊಳ್ಳುತ್ತಿದ್ದ. ಕೆಜಾಯಳಿಗೂ ಕೆಲವೊಮ್ಮೆ ಅನುಮಾನ ಬರುತ್ತಿತ್ತು. ಇಷ್ಟು ಜನ ಹೇಳುವಾಗ ತಾನೊಬ್ಬಳೇ ಸರಿಯೇ? ನೀರಿನ ತೊಟ್ಟಿಗೆ ಬಾಗಿ ತನ್ನ ಮುಖ ನೋಡಿಕೊಳ್ಳುವಳು. ಅದು ತನ್ನದೇ ಮುಖದ ಹಾಗೆ ಕಾಣುತ್ತಿತ್ತು.

ಮುಂದಿನ ಪತ್ರಿಕೆಯ ದಿನ ಹತ್ತಿರ ಬಂದಾಗ ಅಯ್ಯನವರು ಮತ್ತೆ ಬಂದರು. ಈ ಸಲ ಕೂತರು.

“ಜನ ಏನು ಮಾತಾಡ್ತಿದಾರೆ ನನಗೆ ಗೊತ್ತು ಸಹೋದರಿ. ಅದು ಪಾಪ, ನಾನು ಗದರಿಸಿದೀನಿ. ಗದರಿಸಿದ್ರೆ ಹೋಗೋ ಮಾತಲ್ಲ ಅದು. ಒಂದು ದಾರಿ ಇದೆ. ದೇವರು ನಿನ್ನನ್ನ ಬಾಗಿಲ ತನಕ ಕರೆದು ವಾಪಸ್ ಕಳಿಸಿದ. ಸಾಕ್ಷಿ ಹೇಳೋಕೆ ಕಳಿಸಿದ. ಯಾಕಾಗಬಾರದು? ನಾಳೆ ಎದ್ದು ನಿಂತು, ಪತ್ರಿಕೆಯಲ್ಲಿ ಬಂದದ್ದು ನಿಜ, ನಾನು ಅದನ್ನ ಕಂಡೆ ಅನ್ನು. ಅಷ್ಟೇ ಸಾಕು. ಎಲ್ಲರೂ ನಿನ್ನನ್ನ ಅಪ್ಪಿಕೊಳ್ತಾರೆ. ಹೆಪ್ಸಿ ಮನೆಗೆ ಬರ್ತಾಳೆ.”

“ನಾನು ಏನೂ ಕಾಣಲಿಲ್ಲ ಅಯ್ಯನವರೇ. ಕತ್ತಲು ಕಂಡೆ.”

ಅವರು ಕಣ್ಣು ಮುಚ್ಚಿಕೊಂಡರು. “ಜ್ವರದಲ್ಲಿ ಮರೆತಿರಬಹುದು.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ನನ್ನ ಕೈಯಲ್ಲಿ ಏನಿದೆ? ಮಗು ಅಲ್ಲೇ ಬೆಳೆಯುತ್ತೆ. ಜೆತ್ರೋಗೂ ಅದೇ ಒಳ್ಳೇದು ಅನ್ನಿಸಿದೆ.” ಅವರ ಕಣ್ಣಲ್ಲಿ ನೀರಿತ್ತು. ಅತ್ತುಕೊಂಡೇ ಕತ್ತು ಕೊಯ್ಯುವವರೂ ಇದ್ದಾರೆ ಲೋಕದಲ್ಲಿ, ನಾನು ಬೇರೆ ಏನು ಹೇಳಲಿ.

ಅವರು ಹೋದ ಮೇಲೆ ಕೆಜಾಯ ಒಲೆಯ ಮುಂದೆ ಕೂತೇ ಇದ್ದಳು. ಸುಳ್ಳು ಹೇಳುವುದೇನು ಮಹಾ, ಎಂದು ಬೇರೆ ಊರಿನವರು ಕೇಳಿಯಾರು. ಅವಳಿಗೆ ಹಾಗಲ್ಲ. ಚಿಕ್ಕಂದಿನಿಂದ ಕೇಳಿದ್ದು ಅವಳ ಮೂಳೆಯಲ್ಲಿತ್ತು. ದೇವರ ಆತ್ಮವೇ ತನ್ನಲ್ಲಿ ಸಾಕ್ಷಿ ನುಡಿಯಿತೆಂದು ತಿಳಿದೂ ತಿಳಿದೂ ಸುಳ್ಳಾಡುವುದು ಆಯ್ದವರಿಂದ ಆಗುವುದೇ ಇಲ್ಲ. ನಾಲಿಗೆ ಏಳುವುದಿಲ್ಲ, ದೇವರೇ ಏಳಗೊಡುವುದಿಲ್ಲ. ಯಾರ ನಾಲಿಗೆ ಎದ್ದಿತೋ ಅವರು ಆಯ್ದವರಲ್ಲ ಎಂದೇ ಅರ್ಥ, ಅವರ ಪಾಲಿಗೆ ಆ ಕತ್ತಲೇ ಕೊನೆ. ಇಷ್ಟು ದಿನ ತಾನು ಆಯ್ದವಳೋ ಅಲ್ಲವೋ ಎಂದು ಅವಳಿಗೆ ತಿಳಿಯದು. ತಿಳಿಯದಿರುವುದರಲ್ಲಿ ಒಂದಿಷ್ಟು ಆಸೆಯಾದರೂ ಇತ್ತು. ನಾಳೆ ಬಾಯಿ ತೆರೆದರೆ ತಿಳಿದುಹೋಗುತ್ತದೆ.

ಪ್ರಾರ್ಥನಾಲಯ ಕಿಕ್ಕಿರಿದಿತ್ತು. ಮಹಡಿಯಲ್ಲೂ ಜನ, ಮೆಟ್ಟಿಲ ಮೇಲೂ ಜನ. ಕೆಜಾಯ ನಡುವೆ ನಡೆದು ಬಂದಾಗ ಎರಡೂ ಬದಿಯ ಲಂಗಗಳು ಒಳಕ್ಕೆ ಸರಿದವು. ಎದುರಿನ ಸಾಲಿನಲ್ಲಿ ಡಾರ್ಕಸ್, ಅವಳ ತೊಡೆಯ ಮೇಲೆ ಹೆಪ್ಸಿ. ಮಗು ಸೊರಗಿತ್ತು. ಅದರ ಟೋಪಿಯ ದಾರವನ್ನು ಯಾರೋ ಬಿಗಿಯಾಗಿ ಕಟ್ಟಿ ಗಲ್ಲದ ಕೆಳಗೆ ಕೆಂಪಗೆ ಗೀರು ಬಿದ್ದಿತ್ತು. ಅಯ್ಯನವರು ಪತ್ರಿಕೆ ಮಡಿಸಿಟ್ಟು, “ಕೆಜಾಯ ಪರ್ನೆಲ್, ಸಭೆಯ ಮುಂದೆ ಹೇಳು. ನಿನ್ನ ಬಗ್ಗೆ ಅಚ್ಚಾದದ್ದು ನಿಜವೋ?” ಎಂದರು.

‘ದೇವರೇ, ನಾಲಿಗೆ ಏಳದ ಹಾಗೆ ಮಾಡು. ನಾನು ನಿನ್ನವಳಾಗಿದ್ರೆ ಈಗ ನನ್ನ ಬಾಯಿ ಕಟ್ಟು, ಮೂಕಿ ಮಾಡು, ಇಲ್ಲೇ ಬೀಳಿಸು’ ಎಂದು ಅವಳು ಒಳಗೊಳಗೇ ಬೇಡಿದಳು. ಬೇಡುತ್ತ ಮಗಳ ಗಲ್ಲದ ಗೀರನ್ನು ನೋಡಿದಳು. ಕಾದಳು. ಏನೂ ಆಗಲಿಲ್ಲ.

“ನಿಜ,” ಎಂದಳು. ದನಿ ಸಲೀಸಾಗಿ ಬಂತು, ಒಂದು ತಡೆಯೂ ಇಲ್ಲದೆ ಬಂತು. “ಕತ್ತಲೆಯೆಲ್ಲ ಹರಿಯಿತು. ನನ್ನ ಹೆಸರು ಕರೆದರು. ನನಗೆ ಒಂದು ಸಂಶಯವೂ ಇಲ್ಲ.”

ಹೋ ಎಂದು ಸಭೆ ಎದ್ದಿತು. ಕ್ಲಟರ್‌ಬಕ್ ಹೆಂಗಸು ಓಡಿ ಬಂದು ಅವಳ ಕೈಗಳನ್ನು ಹಿಡಿದು ಮುತ್ತಿಟ್ಟಳು. ಡಾರ್ಕಸ್ ನೆಲಕ್ಕೆ ಕುಸಿದು, “ನನ್ನಮ್ಮಾ, ನನ್ನ ತಂಗೀ, ಕ್ಷಮಿಸಮ್ಮಾ,” ಎಂದು ಅವಳ ಕಾಲು ಹಿಡಿದುಕೊಂಡಳು. ಜೆತ್ರೋ ಮಗುವಿನ ಹಾಗೆ ಅಳುತ್ತ ನಿಂತಿದ್ದ. ಅಯ್ಯನವರು ಆಗಲೇ ಮಸಿಗೆ ಲೇಖನಿ ಅದ್ದುತ್ತಿದ್ದರು, ಲಂಡನ್ನಿನ ಬಂಡಿ ಮಾರನೆಯ ದಿನ ಹೊರಡುವುದಿತ್ತು. ಇಷ್ಟೆಲ್ಲ ಆಗುತ್ತಿದ್ದಾಗ ಕೆಜಾಯಳಿಗೆ ಚಳಿ ಹಿಡಿದಿತ್ತು. ಅವಳಿಗೆ ತಿಳಿದುಹೋಗಿತ್ತು.

ಹೆಪ್ಸಿ ಮೆಲ್ಲಗೆ ಬಂದು ಅವಳ ಬೆರಳು ಮುಟ್ಟಿ ನೋಡಿತು. ಬಿಸಿಯಿತ್ತು. ಇನ್ನೊಮ್ಮೆ ಮುಟ್ಟಿತು. ಆಮೇಲೆ ಕತ್ತಿಗೆ ಜೋತುಬಿದ್ದು, “ಅಮ್ಮಾ,” ಎಂದಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಮಗು ಮಾತಾಡುತ್ತಲೇ ಇತ್ತು. ಬಿಟ್ಟ ದಿನಗಳ ಮಾತುಗಳೆಲ್ಲ ಒಟ್ಟಿಗೆ ಬರುತ್ತಿದ್ದವು.

“ಅಮ್ಮಾ, ಅಲ್ಲಿ ಚಳಿ ಇತ್ತಾ?”

“ಇಲ್ಲ ಕಂದಾ.”

“ಮತ್ತೆ ಯಾಕೆ ವಾಪಸ್ ಬಂದೆ?”

“ನಿನಗೋಸ್ಕರ.”

ಹೆಪ್ಸಿ ಸ್ವಲ್ಪ ಯೋಚಿಸಿತು. “ನಂಗೆ ಅಲ್ಲಿಗೆ ಹೋಗೋಕೆ ಭಯ ಇತ್ತು. ಈಗಿಲ್ಲ. ನಾನು ಮೊದಲು ಹೋದ್ರೆ ಒಳಗೆ ಹೋಗಲ್ಲ. ನೀನು ಬರೋ ತನಕ ಬಾಗಿಲಲ್ಲೇ ನಿಂತಿರ್ತೀನಿ. ಯಾರು ಕರೆದ್ರೂ ಹೋಗಲ್ಲ. ನೀನು ಬರ್ತೀಯ ತಾನೆ?”

ಕೆಜಾಯ ನಿಂತುಬಿಟ್ಟಳು. ಮಗು ಅವಳ ಮುಖವನ್ನೇ ನೋಡುತ್ತಿತ್ತು.

“ಬರ್ತೀನಿ,” ಎಂದಳು.

ಹೆಪ್ಸಿ ಅವಳ ಕೈ ಹಿಡಿದು ಎಳೆದುಕೊಂಡು ಇಳಿಜಾರಿನಲ್ಲಿ ಮುಂದೆ ಮುಂದೆ ನಡೆಯಿತು.